ಕೆಂಪುಗುಡ್ಡದ ಭಾನುವಾರದ ರೈಲು

ಚನ್ನಗಿರಿ
12-10-1978

ಚಿ. ಕಲ್ಲೇಶನಿಗೆ ಅಕ್ಕ ಕಸ್ತೂರಿಯ ಆಶೀರ್ವಾದ.

ಜೂನ್ ತಿಂಗಳಲ್ಲಿ ಹೋದವನು ಇವತ್ತಿನವರೆಗೆ ಒಂದು ಕಾರ್ಡು ಹಾಕಿಲ್ಲ. ಜಗಳೂರಿನಲ್ಲಿ ನೀರಿಗೆ ಬರ ಅಂತ ಕೇಳಿದ್ದೆ, ಶಾಯಿಗೂ ಬರವೇನೋ? ಪ್ರೇಮ ಹೇಗಿದ್ದಾಳೆ? ಹತ್ತಿ ಮಿಲ್ಲಿನ ಬಾಯ್ಲರ್ ನಿನ್ನ ಮಾತು ಕೇಳುತ್ತಿದೆಯೇ, ಇಲ್ಲ ಅದೂ ನಿನ್ನ ಹಾಗೆ ಮುಂಗೋಪಿಯೇ?

ಈಗ ವಿಷಯ. ಗಣಿ ಕಂಪನಿಯಿಂದ ಕಾಗದ ಬಂದಿದೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ನೀನು ಮರೆತಂತಿದೆ. ಕೆಂಪುಗುಡ್ಡದ ಗಣಿ ಮುಚ್ಚಿದಾಗ ಅದಿರು ಎಳೆಯುತ್ತಿದ್ದ ಪುಟ್ಟ ಎಂಜಿನ್ನು, ಎರಡು ಡಬ್ಬಿ, ಶೆಡ್ಡಿನಿಂದ ಕೆರೆ ಏರಿಯವರೆಗಿನ ಕಂಬಿ, ಎಲ್ಲವನ್ನೂ ಗುಜರಿಗೆ ಹಾಕಲು ಹೊರಟಿದ್ದರು. ನಾವು ಹತ್ತು ಜನ ಸೇರಿ ಸಂಘ ಕಟ್ಟಿ, ಕಾಲು ಹಿಡಿದು, ಅದನ್ನು ಉಳಿಸಿಕೊಂಡೆವು. ದರ್ಜಿ, ಕಾಂಪೌಂಡರು, ಹೊಲಿಗೆ ಟೀಚರಾದ ನಾನು, ಯಾರೊಬ್ಬರಿಗೂ ಸಂಬಳವಿಲ್ಲ. ಶೆಡ್ಡಿನಲ್ಲಿ ಹಳೆಯ ಲಾಟೀನು, ಗಂಟೆ, ಟೋಪಿ ಜೋಡಿಸಿ ಮ್ಯೂಸಿಯಂ ಅಂದೆವು. ಸತ್ತು ಬಿದ್ದಿದ್ದ ಬಾಯ್ಲರಿಗೆ ಜೀವ ಕೊಟ್ಟವನು ನೀನು. ಭಾನುವಾರದ ರೈಲು ಹತ್ತಲು ನ್ಯಾಮತಿಯಿಂದ ಹೈಸ್ಕೂಲ್ ಮಕ್ಕಳು ಬಂದರು, ಹೊನ್ನಾಳಿಯಿಂದ ಒಂದು ಮದುವೆ ದಿಬ್ಬಣವೇ ಬಂತು.

ಈಗ ಕಂಪನಿಯನ್ನು ಬೇರೆಯವರು ಕೊಂಡಿದ್ದಾರಂತೆ. ಸಂಕ್ರಾಂತಿಯ ಹೊತ್ತಿಗೆ ಬಾಯ್ಲರ್ ಇನ್‌ಸ್ಪೆಕ್ಟರು ಬಂದು ನೋಡಿ ಪಾಸು ಮಾಡಬೇಕು. ಪಾಸಾದರೆ ಎಂಜಿನ್ನು ಸಂಘಕ್ಕೆ ಖಾಯಂ. ಇಲ್ಲದಿದ್ದರೆ ಲಾರಿ ತಂದು ತುಂಡು ಮಾಡಿ ಒಯ್ಯುತ್ತಾರೆ. ಪರೀಕ್ಷೆಯ ದಿನ ಸರ್ಟಿಫಿಕೇಟ್ ಇರುವ ಬಾಯ್ಲರ್ ಅಟೆಂಡೆಂಟು ಎದುರಿಗೆ ನಿಂತಿರಬೇಕು. ನಮ್ಮಲ್ಲಿ ಅದು ಇರುವುದು ನಿನ್ನೊಬ್ಬನಿಗೆ.

ನಿಮ್ಮ ಭಾವನ ವಿಷಯ ಬರೆಯದೆ ಇರಲಾರೆ. ಲಕ್ವ ಹೊಡೆದು ಎರಡು ವರ್ಷವಾಯಿತು. ಸೋಮವಾರದಿಂದ ಶನಿವಾರದವರೆಗೆ ಗೋಡೆ ನೋಡಿಕೊಂಡು ಕೂತಿರುತ್ತಾರೆ. ಊಟ ಬೇಕೇ ಎಂದರೂ ತಲೆ ಆಡಿಸುವುದಿಲ್ಲ. ಭಾನುವಾರ ಮಾತ್ರ, ಅದಿರು ರೈಲಿಗೆ ಗಾರ್ಡ್ ಆಗಿದ್ದ ಕಾಲದ ಹಳೆಯ ಕೋಟು ತಾವೇ ಹಾಕಿಕೊಂಡು, ಕೊನೆಯ ಡಬ್ಬಿಯ ಮೆಟ್ಟಿಲ ಮೇಲೆ ನಿಂತು "ರೈಟ್" ಎನ್ನುತ್ತಾರೆ. ಅವರ ಬಾಯಿಂದ ಈಗ ಹೊರಡುವ ಮಾತು ಅದೊಂದೇ. ಅದೂ ನಿಂತುಹೋದರೆ ನಾನು ಆ ಮನೆಯಲ್ಲಿ ಯಾರ ಜೊತೆ ಬಾಳಲಿ ಹೇಳು.

ಹೆದರಬೇಡ, ನೀನು ಹೋದ ಮೇಲೆ ಎಂಜಿನ್ ಹೊತ್ತಿಸಿಲ್ಲ. ಮ್ಯೂಸಿಯಂ ಮಾತ್ರ ತೆರೆಯುತ್ತಿದ್ದೇವೆ. ಕೂಡಲೇ ಬರೆ.

ನಿನ್ನ ಅಕ್ಕ
ಕಸ್ತೂರಿ


ಜಗಳೂರು
30-10-1978

ಅಕ್ಕನಿಗೆ ಕಲ್ಲೇಶನ ನಮಸ್ಕಾರಗಳು.

ಶಾಯಿ ಸಿಗುತ್ತದೆ, ಪುರುಸೊತ್ತು ಸಿಗುವುದಿಲ್ಲ. ಹತ್ತಿಯ ಸುಗ್ಗಿ ಶುರುವಾಗಿದೆ. ಮೂಗು, ಕಿವಿ, ಊಟದ ತಟ್ಟೆ ಎಲ್ಲದರಲ್ಲೂ ಹತ್ತಿ. ಪ್ರೇಮ ನನ್ನನ್ನು ಕೊಡವಿ ಒಳಗೆ ಬಿಟ್ಟುಕೊಳ್ಳುತ್ತಾಳೆ. ನಾವು ಚೆನ್ನಾಗಿದ್ದೇವೆ.

ಇನ್‌ಸ್ಪೆಕ್ಟರು ಬರುವ ಮೊದಲು ಬಾಯ್ಲರಿನ ಒಳಗನ್ನು ಶುದ್ಧ ಮಾಡಬೇಕು. ನಮ್ಮ ಕೆರೆ ನೀರು ಬಲು ಗಡಸು. ಸ್ನಾನದ ಹಂಡೆಗೆ ಕಟ್ಟುವ ಹಾಗೆ ಒಳಗೆಲ್ಲ ಬಿಳಿ ಚಕ್ಕೆ ಕಟ್ಟಿರುತ್ತದೆ. ಅದನ್ನು ಕಂಡರೆ ಆ ಮನುಷ್ಯ ಮುಂದಕ್ಕೆ ನೋಡುವುದೇ ಇಲ್ಲ. ಇದಕ್ಕೆ ಅಂಗಡಿ ಔಷಧಿ ಬೇಡ. ಈಗ ಅಡಿಕೆ ಬೇಯಿಸುವ ಕಾಲ. ಬೇಯಿಸಿದ ಮೇಲೆ ಉಳಿಯುವ ಕೆಂಪು ಚೊಗರು ಯಾರ ಮನೆಯಲ್ಲಾದರೂ ಸಿಗುತ್ತದೆ. ಬಾಯ್ಲರಿನ ನೀರಿಗೆ ಒಂದು ಚೆಂಬು ಹಾಕಿ, ಉಗುರುಬೆಚ್ಚಗಾಗುವಷ್ಟು ಬೆಂಕಿ ಮಾಡಿ, ಎರಡು ದಿನ ಬಿಟ್ಟು ನೀರು ಖಾಲಿ ಮಾಡಲಿ. ಚಕ್ಕೆ ತಾನೇ ಬಿಡುತ್ತದೆ. ಹಳೆಯ ಡ್ರೈವರುಗಳು ಹೀಗೇ ಮಾಡುತ್ತಿದ್ದರು. ಪಾಪಣ್ಣನಿಗೆ ಹೇಳು. ಫೈರ್‌ಮನ್ ಆಗಿ ಇಪ್ಪತ್ತು ವರ್ಷ ಕಲ್ಲಿದ್ದಲು ಎಸೆದವನು, ತನಗೆ ಎಲ್ಲ ಗೊತ್ತು ಅನ್ನುತ್ತಾನೆ. ಅನ್ನಲಿ ಬಿಡು, ಆದರೂ ನಾನು ಹೇಳಿದ ಹಾಗೆ ಮಾಡಿಸು.

ಜನವರಿಯ ಮಾತು ಜನವರಿಗೆ ನೋಡೋಣ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ
ಕಲ್ಲೇಶ


ಚನ್ನಗಿರಿ
9-11-1978

ಚಿ. ಕಲ್ಲೇಶನಿಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ನಾನು ಪಾಯಸ ಮಾಡಿದೆ. ಚೊಗರಿನ ಉಪಾಯಕ್ಕೆ ಪಾಪಣ್ಣನೂ ತಲೆದೂಗಿದ. "ಇದು ನನಗೂ ಗೊತ್ತಿತ್ತು ಬಿಡ್ರಿ ಅಮ್ಮಾರೆ, ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ" ಎಂದ. ಸಂತೇಬೆನ್ನೂರಿನ ಅಡಿಕೆ ವ್ಯಾಪಾರಿ ಜಯಪ್ಪನವರು ರೈಲಿನ ಕೆಲಸವೆಂದು ಕೇಳಿದ್ದೇ ತಡ, "ಎಷ್ಟು ಬೇಕಾರೂ ಒಯ್ರಿ, ನಾವು ಚೆಲ್ಲಾದೇ ಅದನ್ನ" ಎಂದು ಗಾಡಿಯಲ್ಲೇ ಕಳಿಸಿಕೊಟ್ಟರು. ಮೊದಲ ಸಲಕ್ಕೇ ಹಿಡಿ ಹಿಡಿ ಚಕ್ಕೆ ಉದುರಿತು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಹೋದ ಭಾನುವಾರ ನಿಮ್ಮ ಭಾವ ಎರಡು ಸಲ "ರೈಟ್" ಅಂದರು. ಕೆರೆ ಏರಿಯಲ್ಲಿ ಎಮ್ಮೆ ಅಡ್ಡ ಬಂದು ಗಾಡಿ ನಿಂತಿತ್ತು, ಎಮ್ಮೆ ಎದ್ದ ಮೇಲೆ ಇನ್ನೊಮ್ಮೆ ಅಂದರು. ಡಬ್ಬಿಯಲ್ಲಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದವು. ನಾನು ಟಿಕೆಟ್ ಹರಿಯುವುದು ಬಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಕಂಪನಿಯ ಮ್ಯಾನೇಜರು ನಿನ್ನ ಸರ್ಟಿಫಿಕೇಟ್ ನೋಡಬೇಕಂತೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು. ಇಲ್ಲವೇ ಈ ತಿಂಗಳಲ್ಲೇ ಒಂದು ಸಲ ಬಂದು ನೀನೇ ತೋರಿಸಿ ಹೋಗು.

ಕಸ್ತೂರಿ


ಚನ್ನಗಿರಿ
2-12-1978

ಕಲ್ಲೇಶನಿಗೆ,

ಮೂರು ವಾರ ಕಾದೆ. ಅಂಚೆಯಣ್ಣ ಈಗ ನನ್ನನ್ನು ಕಂಡರೆ ಬೇರೆ ಬೀದಿಗೆ ತಿರುಗುತ್ತಾನೆ.

ನಿನ್ನ ಮೌನಕ್ಕೆ ಕಾರಣ ನನಗೆ ಗೊತ್ತಿದೆ. ರೈಲು ಉದ್ಘಾಟನೆಯ ದಿನ ಶಾಲು ಹೊದಿಸಿದ್ದು ನಿಮ್ಮ ಭಾವನಿಗೆ, ನಿನಗಲ್ಲ. ಬಾಯ್ಲರಿನೊಳಗೆ ಮೈ ತೂರಿಸಿ ಆರು ತಿಂಗಳು ಬೆವರು ಸುರಿಸಿದವನು ನೀನು, ವೇದಿಕೆ ಮೇಲೆ ಕೂತವರು ಅವರು. ಅವತ್ತು ಊಟ ಮಾಡದೆ ಎದ್ದು ಹೋಗಿದ್ದೆ. ಹೊಟ್ಟೆ ಕೆಟ್ಟಿದೆ ಅಂದಿದ್ದೆ. ನಿನ್ನ ಹೊಟ್ಟೆ ಕಲ್ಲು ತಿಂದರೂ ಕೆಡುವುದಿಲ್ಲ ಎಂದು ಗೊತ್ತಿಲ್ಲದವಳೇ ನಾನು?

ತಪ್ಪಾಯಿತು. ಹತ್ತು ಶಾಲು ಹೊದಿಸುತ್ತೇನೆ. ನಾನೇ ಹೊಲಿದು ಹೊದಿಸುತ್ತೇನೆ. ಈಗ ಸೇಡು ತೀರಿಸಿಕೊಳ್ಳುವ ಸಮಯವಲ್ಲ ಕಲ್ಲೇಶಿ. ನಿನ್ನ ಅಕ್ಕ ಬೇಡುತ್ತಿದ್ದಾಳೆ. ಅವ್ವ ಹೋದ ಮೇಲೆ ನಿನ್ನನ್ನು ಸಾಕಿದ್ದನ್ನು ಎತ್ತಿ ಆಡಬಾರದು ಅಂತ ಇಷ್ಟು ವರ್ಷ ನಾಲಿಗೆ ಕಚ್ಚಿಕೊಂಡಿದ್ದೆ. ಇವತ್ತು ಎತ್ತಿ ಆಡುತ್ತಿದ್ದೇನೆ. ಅಷ್ಟು ಕೆಳಗಿಳಿದಿದ್ದೇನೆ ಎಂದು ತಿಳಿದುಕೋ.

ಕಸ್ತೂರಿ


ಜಗಳೂರು
14-12-1978

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಪ್ರೇಮ ಅತ್ತಳು. ನಾನು ಹೊರಗೆ ಹೋಗಿ ಬೀಡಿ ಸೇದಿದೆ.

ಶಾಲು ನನಗೆ ನೆನಪೇ ಇರಲಿಲ್ಲ. ಭಾವನಿಗೆ ಹೊದಿಸಿದ್ದು ಸರಿಯಾಗಿಯೇ ಇತ್ತು. ನಾನು ನಿನ್ನ ಮೇಲೆ ಸೇಡು ತೀರಿಸಿಕೊಳ್ಳುವ ಮನುಷ್ಯ ಅಂತ ನಿನಗೆ ಅನಿಸಿತಲ್ಲ, ಅದಕ್ಕೆ ಮಾತ್ರ ಬೇಜಾರಾಯಿತು.

ರಜ ಸಿಗುವುದಿಲ್ಲ ಅಕ್ಕ. ಸುಗ್ಗಿಯಲ್ಲಿ ಮಾಲೀಕರು ಯಾರನ್ನೂ ಬಿಡುವುದಿಲ್ಲ. ಸರ್ಟಿಫಿಕೇಟು ಮಿಲ್ಲಿನ ಆಫೀಸಿನಲ್ಲಿ ಗೋಡೆಗೆ ಹಾಕಿದ್ದಾರೆ, ತೆಗೆದು ಕಳಿಸಲು ಬರುವುದಿಲ್ಲ. ನೀನು ನನ್ನನ್ನೇ ನೆಚ್ಚಿಕೊಂಡು ಕೂರಬೇಡ. ಭದ್ರಾವತಿಯಲ್ಲಿ ಬಂಗಾರಪ್ಪ ಅಂತ ಒಬ್ಬರಿದ್ದಾರೆ, ನನಗಿಂತ ಹಿರಿಯರು, ಒಳ್ಳೆಯ ಕೆಲಸಗಾರರು. ಹಳೆಯ ಪೇಟೆಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ನನ್ನ ಹೆಸರು ಹೇಳಿದರೆ ಬರುತ್ತಾರೆ. ಇವತ್ತೇ ಯಾರನ್ನಾದರೂ ಕಳಿಸು.

ಇನ್ನೊಂದು. ಎಂಜಿನ್ ಹೊತ್ತಿಸಿಲ್ಲ ಅಂದಿದ್ದೆ. ಹಾಗಿದ್ದರೆ ಭಾವ ಯಾವುದಕ್ಕೆ "ರೈಟ್" ಅಂದರು? ಎಮ್ಮೆಗೋ?

ಕಲ್ಲೇಶ


ಚನ್ನಗಿರಿ
22-12-1978

ಕಲ್ಲೇಶನಿಗೆ,

ಹೌದು, ಹೊತ್ತಿಸುತ್ತಿದ್ದೇವೆ. ನೀನು ಹೋದ ಮರುವಾರದಿಂದಲೇ ಪಾಪಣ್ಣ ಓಡಿಸುತ್ತಿದ್ದಾನೆ. ಹೊತ್ತಿಸದೆ ಬಿಟ್ಟ ಒಂದೇ ಒಂದು ಭಾನುವಾರ ನಿಮ್ಮ ಭಾವ ಕೋಟು ಹಾಕಿಕೊಂಡು ಸಂಜೆಯವರೆಗೆ ಹೊಸಿಲ ಮೇಲೆ ನಿಂತಿದ್ದರು. ನೀರು ಸಹ ಕುಡಿಯಲಿಲ್ಲ. ಅದನ್ನು ನೋಡಿಕೊಂಡು ಇರಲು ನನ್ನ ಕೈಲಾಗಲಿಲ್ಲ. ಮ್ಯಾನೇಜರು ಕೇಳಿದಾಗ, ನನ್ನ ತಮ್ಮ ಪ್ರತಿ ಭಾನುವಾರ ಜಗಳೂರಿನಿಂದ ಬಂದು ಬಾಯ್ಲರ್ ನೋಡಿಕೊಳ್ಳುತ್ತಾನೆ ಎಂದಿದ್ದೇನೆ. ಇನ್ನೇನು ಹೇಳಲಿ?

ನಿನ್ನ ಹೆಸರು ಕೊಟ್ಟಾಗಿದೆ. ಈಗ ಬಂಗಾರಪ್ಪನವರನ್ನು ತಂದು ನಿಲ್ಲಿಸಿದರೆ, ನಿಮ್ಮ ತಮ್ಮ ಎಲ್ಲಿ ಎಂದು ಕೇಳುವುದಿಲ್ಲವೇ? ಅದೂ ಅಲ್ಲದೆ, ಬಾಯ್ಲರಿನ ಒಂದೊಂದು ಮೊಳೆಯ ಗುರುತು ಇರುವವನು ನೀನಿರುವಾಗ, ಮುಖ ನೋಡದ ಮನುಷ್ಯನ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಬಂಗಾರಪ್ಪನೂ ಬೇಡ, ಗಿಂಗಾರಪ್ಪನೂ ಬೇಡ. ನೀನೇ ಬರಬೇಕು.

ಜನವರಿ ಹನ್ನೆರಡಕ್ಕೆ ಇನ್‌ಸ್ಪೆಕ್ಟರು ಬರುತ್ತಾರೆ. ಅದಕ್ಕೆ ಮೊದಲು ಏಳನೇ ತಾರೀಖು ಭಾನುವಾರ ಪೂರ್ತಿ ಸ್ಟೀಮು ಏರಿಸಿ ನಾವೇ ಒಮ್ಮೆ ಪರೀಕ್ಷೆ ಮಾಡುತ್ತೇವೆ. ಚೊಗರು ಹಾಕುವುದನ್ನು ಬಿಟ್ಟಿಲ್ಲ. ಒಳಗೆ ಕನ್ನಡಿಯ ಹಾಗೆ ಆಗಬೇಕು ಅಂತ ನನ್ನ ಹಟ. ಕಷಾಯ ಮೈಗಿಳಿದಷ್ಟೂ ಒಳ್ಳೆಯದಲ್ಲವೇ?

ಮಾಲೀಕರ ಕಾಲು ಹಿಡಿದಾದರೂ ರಜ ತೆಗೆದುಕೋ. ನಿಮ್ಮ ಭಾವ ಚೆನ್ನಾಗಿದ್ದಾರೆ. ಅನ್ನ ಸ್ವಲ್ಪ ಕಡಿಮೆ ಮಾಡಿದ್ದಾರೆ, ಅಷ್ಟೇ.

ಕಸ್ತೂರಿ


ಜಗಳೂರು
5-1-1979

ಅಕ್ಕ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ. ನಾಳೆಯೇ ನಿನ್ನ ಕೈ ಸೇರುತ್ತದೆ ಎಂದು ಅಂಚೆಯವರು ಹೇಳಿದ್ದಾರೆ.

ಮೊದಲು ಚೊಗರು. ಎಷ್ಟು ಹಾಕುತ್ತಿದ್ದೀಯ? ಗಾಡಿಯಲ್ಲಿ ಬಂತು ಎಂದು ಬರೆದಿದ್ದೆ, ಆಗ ನನ್ನ ತಲೆಗೆ ಹೋಗಲಿಲ್ಲ. ಒಂದು ಚೆಂಬಿನ ಮೇಲೆ ಹನಿಯೂ ಬೇಡ. ಅದನ್ನು ಪೂರ್ತಿ ತೊಳೆದು ಹೊರಗೆ ಹಾಕದೆ ಸ್ಟೀಮು ಏರಿಸಲೇಬೇಡಿ. ಚೊಗರು ಜಾಸ್ತಿಯಾದರೆ ಬಾಯ್ಲರಿನ ನೀರು ಹಾಲಿನ ಹಾಗೆ ನೊರೆಯೆದ್ದು ಉಕ್ಕುತ್ತದೆ. ಆಗ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ತುಂಬಿದ ಹಾಗೆ ಕಾಣುತ್ತದೆ. ಕಾಣುವುದು ನೊರೆ, ಕೆಳಗೆ ನೀರು ಇರುವುದಿಲ್ಲ. ಬೆಂಕಿಯ ಮೇಲಿನ ತಗಡು ನೀರಿಲ್ಲದೆ ಕಾದು ಕೆಂಪಾಗುತ್ತದೆ.

ಎರಡನೆಯದು, ಬಂಗಾರಪ್ಪನವರು ಬರುವವರೆಗೆ ಒಂದು ಕಡ್ಡಿಯನ್ನೂ ಗೀರಬೇಡಿ. ನಿನ್ನ ಕಾಲಿಗೆ ಬೀಳುತ್ತೇನೆ.

ಮೂರನೆಯದು ಒಂದು ಮಾತಿದೆ. ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಕಲ್ಲೇಶ


ಚನ್ನಗಿರಿ
9-1-1979

ಕಲ್ಲೇಶಿ,

ನಿನ್ನ ಐದನೇ ತಾರೀಖಿನ ಕಾಗದ ಇವತ್ತು ಬಂತು. ಭಾನುವಾರ ಕಳೆದು ಎರಡು ದಿನವಾಗಿದೆ.

ಎಲ್ಲ ನೀನು ಬರೆದ ಹಾಗೆಯೇ ಆಯಿತು. ಬೆಳಿಗ್ಗೆ ಎಂಜಿನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಬೆಂಕಿ ಹಾಕಿದೆವು. ಹಿಂದಿನ ದಿನ ಕೊನೆಯ ಸಲಕ್ಕೆ ಅಂತ ನಾನೇ ನಿಂತು ಮೂರು ಕೊಡ ಚೊಗರು ಹುಯ್ಯಿಸಿದ್ದೆ. ಪಾಪಣ್ಣ ಅಂದಿದ್ದ, "ಅಮ್ಮಾರೆ, ಸಾಕು ಕಣ್ರಿ, ಇದೇನು ಬಾಣಂತಿ ಹೊಟ್ಟೇನಾ?" ಅಂತ. ನಾನು ಕೇಳಲಿಲ್ಲ. ನೀರು ಖಾಲಿ ಮಾಡಲಿ ಅಂತ ನೀನು ಮೊದಲೇ ಬರೆದಿದ್ದೂ ನೆನಪಾಗಲಿಲ್ಲ. ಒಳಗಿದ್ದಷ್ಟು ಹೊತ್ತೂ ಕೆಲಸ ಮಾಡಲಿ ಅಂದುಕೊಂಡೆ.

ಗಾಜಿನ ಕೊಳವೆ ತುಂಬಿತ್ತು. ಪಾಪಣ್ಣ ಎರಡು ಸಲ ನೋಡಿದ, ನಾನೂ ಬಗ್ಗಿ ನೋಡಿದೆ. ನಿಮ್ಮ ಭಾವ ಹಿಂದಿನ ಡಬ್ಬಿಯ ಮೇಲೆ ನಿಂತಿದ್ದರು. ಚಿಮಣಿಯಿಂದ ಕೆಂಪು ನೀರು ಉಗುಳತೊಡಗಿತು. ಜನ ಓಕುಳಿ ಅಂತ ನಕ್ಕರು. ಆಮೇಲೆ, ನೀರಿಲ್ಲದೆ ಕಾದರೆ ಕರಗಲೆಂದೇ ಒಲೆಯ ಮೇಲೆ ಕೂರಿಸಿರುವ ಸೀಸದ ಬಿರಡೆ ಕರಗಿ, ಹಬೆಯೆಲ್ಲ ಬೆಂಕಿಯೊಳಗೆ ನುಗ್ಗಿ, ಒಲೆಯ ಬಾಗಿಲನ್ನು ಒದ್ದುಕೊಂಡು ಹೊರಬಂತು. ಪಾಪಣ್ಣ ಸಲಿಕೆ ಹಿಡಿದು ಎದುರಿಗೇ ಇದ್ದ. ಬಲಗೈ ಮೊಣಕೈವರೆಗೆ ಬೆಂದಿದೆ. ಮುಖ ಉಳಿದದ್ದು ದೇವರ ದಯೆ. ಕಾಂಪೌಂಡರು ಅಲ್ಲೇ ಇದ್ದುದರಿಂದ ಆಸ್ಪತ್ರೆಗೆ ಬೇಗ ಸೇರಿಸಿದೆವು. ಕೈ ಉಳಿಯುತ್ತದೆ, ಬೆರಳು ಮಡಚಲು ಬರುವುದು ಕಷ್ಟ ಎನ್ನುತ್ತಾರೆ.

ಅವನ ಹೆಂಡತಿ ಅಂತರಘಟ್ಟಮ್ಮ ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ತಡೆದಳು. ಕೂಗಾಡಲಿಲ್ಲ. "ಅಮ್ಮಾರೆ, ನಿಮ್ಮ ಯಜಮಾನ್ರ ಬಾಯಿಂದ ಒಂದು ಮಾತು ಕೇಳಾಕೆ ನನ್ನ ಗಂಡನ ಕೈ ಬೇಕಿತ್ತಾ?" ಅಂದಳು. ನಾನು ಕಾಲಿಗೆ ಬೀಳಲು ಹೋದೆ. ಅವಳು ಹಿಂದಕ್ಕೆ ಸರಿದು, "ಅವೆಲ್ಲ ಬ್ಯಾಡ್ರಿ, ನೀವು ಹೋಗ್ರಿ" ಎಂದಳು.

ನಿನ್ನ ಮೂರನೇ ಮಾತು ಏನೇ ಇರಲಿ, ನನಗೆ ಈಗ ಕೇಳುವ ಶಕ್ತಿ ಇಲ್ಲ. ಕಂಪನಿಯವರು ನಾಳೆ ಬರುತ್ತಾರೆ. ಅವರ ಲೆಕ್ಕದಲ್ಲಿ ಬಾಯ್ಲರಿನ ಮುಂದೆ ನೀನಿದ್ದೆ.

ಕಸ್ತೂರಿ


ಚನ್ನಗಿರಿ
16-1-1979

ಚಿ. ಕಲ್ಲೇಶನಿಗೆ ಆಶೀರ್ವಾದ.

ಮ್ಯಾನೇಜರು ಬಂದು ಹೋದರು. ಒಳ್ಳೆಯವರ ಹಾಗೆಯೇ ಮಾತಾಡಿದರು. ಶೆಡ್ಡಿನಲ್ಲಿ ಕೂತು ನಾನು ಕೊಟ್ಟ ಕಾಫಿ ಕುಡಿದು ಹೇಳಿದರು: "ನೋಡಿ ಟೀಚರೇ, ಸರ್ಟಿಫಿಕೇಟ್ ಇರೋ ಮನುಷ್ಯ ಬಾಯ್ಲರ್ ಮುಂದೆ ಇದ್ದು ಹೀಗಾಗಿದೆ ಅಂದ್ರೆ ತಪ್ಪು ಆ ಮನುಷ್ಯನದು. ನಿಮ್ಮ ತಮ್ಮನ ಹೆಸರು ಬರೆದು ಕಳಿಸ್ತೀವಿ. ಅವರ ಸರ್ಟಿಫಿಕೇಟ್ ಹೋಗುತ್ತೆ. ಸಂಘಕ್ಕೆ ಏನೂ ಆಗಲ್ಲ. ಬಿರಡೆ ಹಾಕಿಸಿ, ಬೇರೆ ಜನ ಹುಡುಕಿಕೊಳ್ಳಿ, ಇನ್ನೊಂದು ತಾರೀಖು ಕೊಡಿಸ್ತೀನಿ. ಆದರೆ ಅಲ್ಲಿ ಯಾರೂ ಇರಲಿಲ್ಲ ಅನ್ನೋದಾದ್ರೆ, ಇಷ್ಟು ದಿನ ನೀವು ಕಾನೂನು ಮೀರಿ ಜನರನ್ನ ಕೂರಿಸಿಕೊಂಡು ಓಡಿಸಿದ ಹಾಗಾಯ್ತು. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ."

ನಾನು ಒಂದು ದಿನ ಕೊಡಿ ಅಂದೆ. ಕೊಟ್ಟರು.

ಆ ಒಂದು ದಿನ ನನ್ನ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಮುಚ್ಚಿಡುವುದಿಲ್ಲ. ನಿನ್ನ ಹೆಸರು ಹೇಳೋಣ ಅಂದುಕೊಂಡೆ. ಕಲ್ಲೇಶನಿಗೆ ತೋಳಿನಲ್ಲಿ ಶಕ್ತಿ ಇದೆ, ಹೇಗೋ ಬದುಕಿಕೊಳ್ಳುತ್ತಾನೆ, ಇವರಿಗೆ ಇನ್ನೇನಿದೆ ಅಂದುಕೊಂಡೆ. ಕರೆದರೂ ಬರಲಿಲ್ಲವಲ್ಲ, ಅನುಭವಿಸಲಿ ಅಂತಲೂ ಅಂದುಕೊಂಡೆ. ಸಂಘದಲ್ಲಿ ಒಬ್ಬರು, ಪಾಪಣ್ಣ ತಾನಾಗಿ ಹೊತ್ತಿಸಿದ ಅಂತ ಬರೆದುಬಿಡಿ, ಯಾರು ಕೇಳ್ತಾರೆ ಅಂದರು. ಅವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದೆ. ನಿನ್ನ ಹೆಸರಿಗೆ ಮಾತ್ರ ನನ್ನ ನಾಲಿಗೆ ತುದಿಯಲ್ಲಿ ಜಾಗ ಕೊಟ್ಟಿದ್ದೆ.

ಬೆಳಿಗ್ಗೆ ನಿಮ್ಮ ಭಾವನಿಗೆ ಗಂಜಿ ಕುಡಿಸುವಾಗ ಅವರನ್ನೇ ಕೇಳಿದೆ. ಎಂಜಿನ್ನು ಬೇಕೋ, ಕಲ್ಲೇಶ ಬೇಕೋ ಹೇಳ್ರಿ ಅಂತ. ಗೋಡೆ ನೋಡುತ್ತಿದ್ದರು. ನನಗೆ ಎಂಥ ಸಿಟ್ಟು ಬಂತೆಂದರೆ ಬಟ್ಟಲು ನೆಲಕ್ಕೆ ಅಪ್ಪಳಿಸಿದೆ. ಆಮೇಲೆ ನಾನೇ ಒರೆಸಿದೆ.

ಮ್ಯಾನೇಜರಿಗೆ ನಿಜ ಹೇಳಿದೆ. ನನ್ನ ತಮ್ಮ ಇರಲಿಲ್ಲ, ಜೂನ್ ತಿಂಗಳಿಂದ ಒಂದು ಭಾನುವಾರವೂ ಇರಲಿಲ್ಲ, ಇದ್ದಾನೆ ಎಂದು ನಾನು ಸುಳ್ಳು ಹೇಳಿದ್ದೆ, ಚೊಗರು ಹುಯ್ಯಿಸಿದ್ದೂ ನಾನೇ ಎಂದು ಬರೆದು ರುಜು ಹಾಕಿದೆ. ಅವರು ಓದಿ, "ಯಾಕ್ರೀ ಟೀಚರೇ" ಅಂದರು, ಅಷ್ಟೇ.

ಮುಂದಿನ ತಿಂಗಳ ಮೊದಲ ವಾರ ಲಾರಿ ಬರುತ್ತದೆ. ಕಂಬಿಯನ್ನೂ ಕೀಳುತ್ತಾರಂತೆ. ನಿನ್ನ ಸರ್ಟಿಫಿಕೇಟಿಗೆ ಏನೂ ಆಗುವುದಿಲ್ಲ. ಅದನ್ನು ಜೋಪಾನ ಮಾಡಿಕೋ. ಎಂಜಿನ್ನು ಕೊಟ್ಟು ಉಳಿಸಿಕೊಂಡಿದ್ದೇನೆ ಅದನ್ನು.

ನಿನ್ನ ಅಕ್ಕ
ಕಸ್ತೂರಿ


ಜಗಳೂರು
20-1-1979

ಅಕ್ಕ,

ನಿನ್ನ ಕಾಗದವನ್ನು ಮಿಲ್ಲಿನ ಅಂಗಳದಲ್ಲಿ, ಹತ್ತಿ ಮೂಟೆಗೆ ಒರಗಿಕೊಂಡು ಓದಿದೆ. ಆ ಮೂಟೆಯನ್ನು ಲಾರಿಗೆ ಹಾಕುವುದು ಈಗ ನನ್ನ ಕೆಲಸ.

ನನ್ನ ಸರ್ಟಿಫಿಕೇಟು ಇಲ್ಲ. ಅಕ್ಟೋಬರ್ ಮೊದಲ ವಾರವೇ ಹೋಯಿತು. ಸ್ಟೀಮು ಸಾಲದು ಎಂದು ಮಾಲೀಕರು, ಮಿತಿ ಮೀರಿದ ಹಬೆಯನ್ನು ಹೊರಬಿಡುವ ಸೇಫ್ಟಿ ವಾಲ್ವಿನ ಮೇಲೆ ಭಾರ ಹೇರಲು ಹೇಳಿದರು. ಬೇಡ ಅಂದೆ. "ಬ್ಯಾಡ ಅನ್ನೋನು ನಾಳೆಯಿಂದ ಬರಬ್ಯಾಡ" ಅಂದರು. ಹೇರಿದೆ. ಮರುದಿನವೇ ಇನ್‌ಸ್ಪೆಕ್ಟರು ಬಂದರು. ನನಗೇನೂ ಗೊತ್ತಿಲ್ಲ, ಇವನೇ ಮಾಡಿದ್ದು ಎಂದರು ಮಾಲೀಕರು. ಇನ್‌ಸ್ಪೆಕ್ಟರು ನನ್ನೆದುರಿಗೇ ಅದನ್ನು ರದ್ದು ಮಾಡಿದರು. ಚನ್ನಗಿರಿಗೆ ಬರಬೇಕಾಗಿದ್ದವರೂ ಅವರೇ. ಅವರ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ?

ನಿನ್ನ ಮೊದಲ ಕಾಗದ ಬಂದಾಗ ಹಾಗಾಗಿ ಒಂದು ವಾರವಷ್ಟೇ ಆಗಿತ್ತು. ನಮ್ಮಲ್ಲಿ ಅದು ಇರುವುದು ನಿನ್ನೊಬ್ಬನಿಗೆ ಅಂತ ಬರೆದಿದ್ದೆ. ಅದನ್ನು ಓದಿದ ಮೇಲೆ ಬರೆಯಲು ಕೈ ಬರಲಿಲ್ಲ. ಬೇರೆ ಮಿಲ್ಲಿನವರ ಕೈಕಾಲು ಹಿಡಿದು ಹೇಗಾದರೂ ವಾಪಸ್ ಪಡೆಯುತ್ತೇನೆ, ಆಮೇಲೆ ನಗುತ್ತ ಹೇಳುತ್ತೇನೆ ಅಂದುಕೊಂಡೆ. ಬಂಗಾರಪ್ಪನವರ ಹೆಸರು ಬರೆದರೆ ನೀನು ಹೋಗಿ ಕರೆತರುತ್ತೀಯ, ನಾನು ಬಾಯಿ ಬಿಡುವುದೇ ಬೇಡ ಅಂದುಕೊಂಡೆ. ಆ ಮೂರನೇ ಮಾತು ಇದೇ ಆಗಿತ್ತು.

ನೀನು ಉಳಿಸಿದ್ದು ಇಲ್ಲದ್ದನ್ನು ಅಕ್ಕ. ನನ್ನನ್ನು ಬೈದು ಒಂದು ಕಾಗದ ಬರೆ. ಬರೆಯದೆ ಇರಬೇಡ.

ಕಲ್ಲೇಶ


ಚನ್ನಗಿರಿ
11-2-1979, ಭಾನುವಾರ

ಕಲ್ಲೇಶಿ,

ಬೈಯುವುದಕ್ಕೆ ಮೂರು ವಾರ ಹಿಡಿಯಿತು. ನಿನ್ನ ಕಾಗದ ಓದಿದ ದಿನ ನೀನು ಎದುರಿಗಿದ್ದಿದ್ದರೆ ಹೊಡೆಯುತ್ತಿದ್ದೆ. ಅಕ್ಟೋಬರಿನಲ್ಲೇ ಹೇಳಿದ್ದರೆ ಅವತ್ತೇ ಭದ್ರಾವತಿಯ ಬಸ್ ಹತ್ತುತ್ತಿದ್ದೆ. ಬಂಗಾರಪ್ಪನವರನ್ನು ಹೊತ್ತಾದರೂ ತರುತ್ತಿದ್ದೆ. ಅವರು ಮೂರು ಕೊಡ ಚೊಗರು ನೋಡಿ ನನ್ನ ಕೆನ್ನೆಗೆ ಬಾರಿಸುತ್ತಿದ್ದರು. ಪಾಪಣ್ಣನ ಕೈ ಉಳಿಯುತ್ತಿತ್ತು, ಎಂಜಿನ್ನೂ ಉಳಿಯುತ್ತಿತ್ತು. ಒಂದು ಮಾತು ಹೇಳಲಾರದೆ ಹೋದೆಯಲ್ಲೋ. ಕೆಲಸ ಹೋಯಿತು ಅಂದರೆ ಅಕ್ಕ ನಿನ್ನನ್ನು ಊಟಕ್ಕೆ ಕರೆಯುವುದಿಲ್ಲ ಅಂದುಕೊಂಡಿದ್ದೆಯಾ?

ನನ್ನನ್ನೂ ಬೈದುಕೊಂಡಿದ್ದೇನೆ. ಎಂಜಿನ್ ಹೊತ್ತಿಸಿಲ್ಲ ಅಂತ ಸುಳ್ಳು ಬರೆದು ಶುರು ಮಾಡಿದವಳು ನಾನು. ಎಷ್ಟು ಚೊಗರು ಎಂದು ಬರೆದಿದ್ದರೆ ನೀನು ತಂತಿ ಕೊಟ್ಟು ನಿಲ್ಲಿಸುತ್ತಿದ್ದೆ.

ಎಂಜಿನ್ನನ್ನು ಶೆಡ್ಡಿನಲ್ಲೇ ಗ್ಯಾಸಿನಲ್ಲಿ ಕತ್ತರಿಸಿ ಒಯ್ದರು. ಎರಡು ದಿನ ಹಿಡಿಯಿತು. ನಿಮ್ಮ ಭಾವನಿಗೆ ಸದ್ದು ಕೇಳದಿರಲಿ ಅಂತ ಕಿಟಕಿ ಮುಚ್ಚಿ ರೇಡಿಯೋ ಜೋರಾಗಿ ಹಾಕಿದ್ದೆ. ಪಾಪಣ್ಣ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ಹೊರಗೆ ಕೂತಿದ್ದನಂತೆ. ನಮ್ಮ ಮನೆಗೆ ಬರಲಿಲ್ಲ. ಅದು ಅವನ ಹಕ್ಕು.

ಲಾರಿ ಬರುವವರೆಗೆ ಭಾನುವಾರ ನಿಮ್ಮ ಭಾವನನ್ನು ಶೆಡ್ಡಿಗೆ ಕರೆದೊಯ್ದು ನಿಂತ ಡಬ್ಬಿಯ ಮೆಟ್ಟಿಲ ಮೇಲೆ ನಿಲ್ಲಿಸಿ ತರುತ್ತಿದ್ದೆ. ಹೋದ ಭಾನುವಾರವೂ ಕೋಟು ಹಾಕಿಕೊಂಡರು. ಇವತ್ತು ರೈಲಿಲ್ಲ ಕಣ್ರಿ ಅಂದೆ. ನನ್ನ ಮುಖ ನೋಡಿದರು. ನಾನು ಒಲೆ ಕಡೆ ತಿರುಗುವಷ್ಟರಲ್ಲಿ ಮನೆಯಿಂದ ಹೊರಟುಹೋಗಿದ್ದರು. ಕಂಬಿ ಕಿತ್ತ ದಾರಿಯಲ್ಲೇ, ಬಲಗಾಲು ಎಳೆದುಕೊಂಡು, ಕೆರೆ ಏರಿಯ ಕಡೆಗೆ ನಡೆದಿದ್ದರು. ಕಂಬಿಯ ಕೆಳಗಿದ್ದ ಅಡಿಮರ ತೆಗೆದ ಗುಂಡಿಯಲ್ಲಿ ಮುಗ್ಗರಿಸಿ ಬಿದ್ದಿದ್ದರು. ಹಣೆ ಒಡೆದಿತ್ತು. ಎಬ್ಬಿಸಿದರೆ ಮನೆ ಕಡೆ ತಿರುಗಲಿಲ್ಲ, ಮತ್ತೆ ಮುಂದಕ್ಕೇ ಹೆಜ್ಜೆ ಹಾಕಿದರು. ಏರಿ ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ತಿರುಗಿದರು.

ಇವತ್ತೂ ಹೋದೆವು. ಬಾಗಿಲಿಗೆ ಅಗಳಿ ಹಾಕಿದ್ದೆ. ಅದನ್ನು ತಲೆಯಿಂದ ಗುದ್ದತೊಡಗಿದರು, ತೆಗೆದೆ. ಭಾರದ ಮನುಷ್ಯ. ನಾನು ಕೈ ಬಿಟ್ಟರೆ ಬೀಳುತ್ತಾರೆ, ಹಿಡಿದುಕೊಂಡರೆ ನನ್ನನ್ನೂ ಎಳೆದುಕೊಂಡು ಬೀಳುತ್ತಾರೆ. ಇವತ್ತು ಇಬ್ಬರೂ ಬಿದ್ದೆವು. ಕುರಿ ಕಾಯುವವರು ಬಂದು ಎತ್ತುವವರೆಗೆ ಆ ಗುಂಡಿಯಲ್ಲೇ ಕೂತಿದ್ದೆವು. ನನ್ನ ಮೊಣಕಾಲು ಊದಿದೆ. ಇದನ್ನು ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಮುಂದಿನ ಭಾನುವಾರ ಮತ್ತೆ ಬರುತ್ತದೆ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವವರೆಗೆ ಕಾಯಲು ನನಗೆ ಆಗುವುದಿಲ್ಲ. ಪ್ರೇಮಳನ್ನೂ ಕರೆದುಕೊಂಡು ಬಾ. ಇಲ್ಲಿಯೂ ಹೊರಲು ಮೂಟೆಗಳಿವೆ. ಅವರ ಎಡಗಡೆ ನಾನು ಹಿಡಿಯುತ್ತೇನೆ. ಬಲಗಡೆಗೆ ಯಾರೂ ಇಲ್ಲ.

ಕಸ್ತೂರಿ